ಸಂಬಳ ಉಂಟು, ಕೆಲಸದ ಖಾತ್ರಿ ಇಲ್ಲ

ಹೆರಿಗೆ, ಕಾಯಿಲೆ ಅಥವಾ ಮನೆಯವರ ಆರೈಕೆಗೆಂದು ರಜೆ ಬೇಕಾದ ಅಮೆರಿಕದ ಕೆಲಸಗಾರರಿಗೆ ಇಡೀ ದೇಶಕ್ಕೆ ಅನ್ವಯಿಸುವ ಆಸರೆ 1993ರ ಕುಟುಂಬ ಮತ್ತು ವೈದ್ಯಕೀಯ ರಜೆ ಕಾಯ್ದೆ. ಅದು 12 ವಾರ ರಜೆ ಕೊಡುತ್ತದೆ, ಸಂಬಳ ಕೊಡುವುದಿಲ್ಲ. ಖಾಸಗಿ ವಲಯದಲ್ಲಿ 50 ಅಥವಾ ಹೆಚ್ಚು ಜನರಿರುವ ಕಂಪನಿಗಳಿಗೆ ಮಾತ್ರ ಅನ್ವಯ. ಸಂಬಳವಿಲ್ಲದ ರಜೆ ಬಡವರ ಪಾಲಿಗೆ ಇದ್ದೂ ಇಲ್ಲದಂತೆ. ಆ ಕೊರತೆ ತುಂಬಲು ಹೊರಟದ್ದು ರಾಜ್ಯಗಳು. ಕ್ಯಾಲಿಫೋರ್ನಿಯಾ 2002ರಲ್ಲಿ ಕಾನೂನು ಮಾಡಿ 2004ರ ಜುಲೈಯಿಂದ ಹಣ ಕೊಡತೊಡಗಿತು. ಈಗ 13 ರಾಜ್ಯಗಳಲ್ಲೂ ರಾಜಧಾನಿ ವಾಷಿಂಗ್ಟನ್ ಡಿ.ಸಿ.ಯಲ್ಲೂ ಇಂಥ ಕಡ್ಡಾಯ ಕಾನೂನು ಇದೆ. ಮಿನ್ನೆಸೋಟದಲ್ಲಿ 2026ರ ಜನವರಿ 1ರಿಂದ ಹಣ ಸಿಗುತ್ತಿದೆ.

ಈ ವ್ಯವಸ್ಥೆಯಲ್ಲಿ ನಾನು ಮೆಚ್ಚುವುದು ಹಣ ಬರುವ ದಾರಿಯನ್ನು. ರಜೆಯಲ್ಲಿರುವವರಿಗೆ ಸಂಬಳ ಕೊಡುವುದು ಮಾಲೀಕರಲ್ಲ, ಎಲ್ಲರೂ ಸೇರಿ ಕಟ್ಟಿದ ವಿಮಾ ನಿಧಿ. ಕ್ಯಾಲಿಫೋರ್ನಿಯಾದ ಖಾಸಗಿ ನೌಕರರ ಪೇ ಸ್ಲಿಪ್ ತೆಗೆದು ನೋಡಿದರೆ 'ಎಸ್‌ಡಿಐ' (ರಾಜ್ಯದ ಅಸಾಮರ್ಥ್ಯ ವಿಮೆ) ಎಂಬ, ಈ ನಿಧಿಗೆ ಹೋಗುವ ಕಡಿತದ ಸಾಲು ಸಾಮಾನ್ಯವಾಗಿ ಕಾಣುತ್ತದೆ. 2025ರಲ್ಲಿ ಅದು ಸಂಬಳದ ಶೇ. 1.2. ಪೂರಾ ಕೆಲಸಗಾರರ ದುಡ್ಡು, ಮಾಲೀಕರ ಪಾಲು ಸೊನ್ನೆ. ಕೊಲರಾಡೋದಂಥ ಕಡೆ ಇಬ್ಬರೂ ಅರ್ಧರ್ಧ ಹಾಕುತ್ತಾರೆ. ನಮ್ಮಲ್ಲಿ 2017ರ ತಿದ್ದುಪಡಿ ಹೆರಿಗೆ ರಜೆಯನ್ನು 12ರಿಂದ 26 ವಾರಕ್ಕೆ ಏರಿಸಿದಾಗ, ಇಎಸ್‌ಐ ವ್ಯಾಪ್ತಿಗೆ ಬಾರದ ಕಡೆ ಅಷ್ಟೂ ವಾರಗಳ ಸಂಬಳ ಮಾಲೀಕರ ತಲೆಗೆ ಬಂತು. ಹೊಸದಾಗಿ ಮದುವೆಯಾದ ಹೆಣ್ಣುಮಗಳನ್ನು ಕೆಲಸಕ್ಕೆ ತೆಗೆದುಕೊಳ್ಳಲು ಹಿಂದೆಮುಂದೆ ನೋಡಲು ಅದೊಂದು ನೆಪವಾಯಿತು. ಅಮೆರಿಕದ ಈ ರಾಜ್ಯಗಳಲ್ಲಿ ಆ ನೆಪಕ್ಕೆ ಆಧಾರವಿಲ್ಲ. ರಜೆಯಲ್ಲಿರುವವರ ಸಂಬಳ ಮಾಲೀಕರ ಕೈಯಲ್ಲೇ ಉಳಿಯುವುದರಿಂದ ಅಷ್ಟು ದಿನಕ್ಕೆ ಬದಲಿ ಆಳನ್ನು ಇಟ್ಟುಕೊಳ್ಳಬಹುದು.

ಆದರೂ ಮಾಲೀಕರು ಹೆದರಿದರು. ಕ್ಯಾಲಿಫೋರ್ನಿಯಾದ ಕಾನೂನು ಬರುವ ಮುನ್ನ ವ್ಯಾಪಾರಿ ಸಂಘಗಳು ಬಲವಾಗಿ ವಿರೋಧಿಸಿದ್ದವು. ಐಲೀನ್ ಆಪಲ್‌ಬಾಮ್ ಮತ್ತು ರೂತ್ ಮಿಲ್ಕ್‌ಮನ್ ಎಂಬ ಸಂಶೋಧಕಿಯರು ಅಲ್ಲಿಯ 253 ಸಂಸ್ಥೆಗಳನ್ನು ಕಾನೂನಿನ ಪರಿಣಾಮದ ಬಗ್ಗೆ ವಿಚಾರಿಸಿ 2011ರಲ್ಲಿ ವರದಿ ಕೊಟ್ಟರು. ಉತ್ಪಾದಕತೆಯ ಮೇಲೆ ಒಳ್ಳೆಯ ಪರಿಣಾಮ ಆಗಿದೆ ಅಥವಾ ಏನೂ ಆಗಿಲ್ಲ ಎಂದವರು ಸುಮಾರು ಶೇ. 89. ಲಾಭದ ವಿಷಯದಲ್ಲಿ ಹಾಗೆಂದವರು ಶೇ. 91. ಮಾಲೀಕರೇ ಕೊಟ್ಟ ಉತ್ತರ ಇದು.

ಇನ್ನು ಕೊರತೆಗೆ ಬರೋಣ. ಕ್ಯಾಲಿಫೋರ್ನಿಯಾದಲ್ಲಿ ಹಣ ಕೊಡುವ ಕಾನೂನು ಬೇರೆ, ಕೆಲಸ ಉಳಿಸುವ ಕಾನೂನು ಬೇರೆ. ಸನ್ನಿವೇಲ್‌ನಲ್ಲಿ ನಾಲ್ಕೇ ಜನ ದುಡಿಯುವ ಒಂದು ಸಣ್ಣ ದೋಸೆ ಹೋಟೆಲ್ ಇದೆ ಎಂದುಕೊಳ್ಳಿ. ಅಡುಗೆಯವನ ತಾಯಿ ಹಾಸಿಗೆ ಹಿಡಿದರೆ ಅವನಿಗೆ 8 ವಾರದವರೆಗೆ ಸಂಬಳದ ಶೇ. 70ರಿಂದ 90ರಷ್ಟು ರಾಜ್ಯದ ನಿಧಿಯಿಂದ ಬರುತ್ತದೆ. ಆದರೆ ಮರಳಿ ಬಂದಾಗ ಅದೇ ಕೆಲಸ ಇರುತ್ತದೆಂಬ ಖಾತ್ರಿಯನ್ನು ಈ ಕಾನೂನು ಕೊಡುವುದಿಲ್ಲ. ಅದನ್ನು ಕೊಡುವ ರಾಜ್ಯದ ಇನ್ನೊಂದು ಕಾಯ್ದೆ ಐವರು ಅಥವಾ ಹೆಚ್ಚು ಜನರಿರುವ ಕಡೆಗೆ ಮಾತ್ರ. ಅವನ ಸಂಬಳದಿಂದ ತಿಂಗಳು ತಿಂಗಳೂ ಹಣ ಹಿಡಿದಿರುತ್ತಾರೆ; ಕೆಲಸ ಹೋದೀತೆಂಬ ಭಯಕ್ಕೆ ಅವನು ಅರ್ಜಿಯನ್ನೇ ಹಾಕದಿರಬಹುದು. ಇದು ದೊಡ್ಡ ಅನ್ಯಾಯ. ನ್ಯೂಯಾರ್ಕ್, ಮ್ಯಾಸಚೂಸೆಟ್ಸ್ ರಾಜ್ಯಗಳು ಕೆಲಸದ ರಕ್ಷಣೆಯನ್ನೂ ಅದೇ ಕಾನೂನಿನಲ್ಲಿ ಸೇರಿಸಿವೆ. ಮೊದಲು ದಾರಿ ತೋರಿಸಿದ ರಾಜ್ಯವೇ ಇದರಲ್ಲಿ ಹಿಂದೆ ಬಿದ್ದಿದೆ.

'ಕುಟುಂಬ' ಯಾರು ಎಂಬುದರಲ್ಲಿ ಮಾತ್ರ ರಾಜ್ಯಗಳ ಮನಸ್ಸು ದೊಡ್ಡದು. ಅಮೆರಿಕದ ಕೇಂದ್ರ ಸರ್ಕಾರದ 1993ರ ಕಾಯ್ದೆಯಲ್ಲಿ ಅತ್ತೆ ಮಾವಂದಿರಿಗೆ ಜಾಗವಿಲ್ಲ. ಕ್ಯಾಲಿಫೋರ್ನಿಯಾ 2014ರಿಂದ ಅವರನ್ನೂ, ಅಜ್ಜ ಅಜ್ಜಿ, ಒಡಹುಟ್ಟಿದವರು, ಮೊಮ್ಮಕ್ಕಳನ್ನೂ ಸೇರಿಸಿಕೊಂಡಿದೆ. ಅತ್ತೆಗೆ ಹುಷಾರಿಲ್ಲ ಎಂದು ರಜೆ ಕೇಳುವ ಸೊಸೆಗೆ ಇದು ಸಣ್ಣ ವಿಷಯವಲ್ಲ. ಅಪ್ಪ ಅಮ್ಮ ಮೈಸೂರಿನಲ್ಲೋ ಶಿವಮೊಗ್ಗದಲ್ಲೋ ಇರುವವರು ತಿಳಿದಿರಬೇಕಾದ ಇನ್ನೊಂದು ಮಾತಿದೆ. ರೋಗಿ ಬೇರೆ ದೇಶದಲ್ಲಿದ್ದರೆ ಅಲ್ಲಿಯ ವೈದ್ಯರ ಪ್ರಮಾಣಪತ್ರವನ್ನು ಮಾಲೀಕರು ಒಪ್ಪಬೇಕೆಂದು ಕೇಂದ್ರ ಕಾಯ್ದೆಯ ನಿಯಮವೇ ಹೇಳುತ್ತದೆ. ಪತ್ರ ಇಂಗ್ಲಿಷಿನಲ್ಲಿ ಇಲ್ಲದಿದ್ದರೆ ಅನುವಾದ ಕೊಟ್ಟರಾಯಿತು.

ಮಾಲೀಕರು ಎಡವುವುದು ಹೆಚ್ಚಾಗಿ ತಿಳಿಯದೆ. ಮನೆಯಿಂದಲೇ ಕೆಲಸ ಮಾಡುವವರ ವಿಷಯದಲ್ಲಿ ಕಚೇರಿ ಎಲ್ಲಿದೆ ಎಂಬುದು ಲೆಕ್ಕಕ್ಕೆ ಬರುವುದಿಲ್ಲ, ಅವರು ಕೂತು ಕೆಲಸ ಮಾಡುವ ರಾಜ್ಯದ ಕಾನೂನೇ ಅನ್ವಯ. ಟೆಕ್ಸಾಸಿನ ಕಂಪನಿಗೆ ಆರೆಗಾನ್‌ನಲ್ಲಿ ಒಬ್ಬ ನೌಕರ ಇದ್ದರೂ ಅಲ್ಲಿ ನೋಂದಾಯಿಸಿ ಕಂತು ಕಟ್ಟಬೇಕು. ಎರಡು ವಾರದ ಸ್ವಂತ ರಜೆ ಮುಗಿಸಿ ಆಮೇಲೆ ಸರ್ಕಾರಿ ಹಣ ಕೇಳು ಎನ್ನುವ ಹಳೆಯ ಅವಕಾಶವನ್ನು ಕ್ಯಾಲಿಫೋರ್ನಿಯಾ 2025ರ ಜನವರಿ 1ರಿಂದ ತೆಗೆದುಹಾಕಿದೆ. ಹೊಸದಾಗಿ ಸೇರಿದವರಿಗೂ ರಜೆ ಬೇಕೆಂದವರಿಗೂ ಈ ಸೌಲಭ್ಯದ ಮಾಹಿತಿ ಪತ್ರ ಕೊಡುವುದು ಅಲ್ಲಿ ಮಾಲೀಕರ ಕರ್ತವ್ಯ.

ಬೇ ಏರಿಯಾದಲ್ಲೋ ನ್ಯೂಜೆರ್ಸಿಯಲ್ಲೋ ಹೋಟೆಲ್, ಕನ್ಸಲ್ಟಿಂಗ್ ಕಂಪನಿ, ದಿನಸಿ ಅಂಗಡಿ ನಡೆಸುವ ಕನ್ನಡಿಗರಲ್ಲಿ ಒಂದು ಕೋರಿಕೆ. ಆ ಮಾಹಿತಿ ಪತ್ರವನ್ನು ಕೈಗೆ ಕೊಟ್ಟು ಸುಮ್ಮನಾಗಬೇಡಿ. ಹಣ ಎಷ್ಟು, ಎಷ್ಟು ವಾರ ಎಂದು ಬಿಡಿಸಿ ಹೇಳಿ. ಕಾನೂನು ಕೆಲಸದ ಖಾತ್ರಿ ಕೊಡದ ಕಡೆ, ಬಂದ ಮೇಲೆ ನಿನ್ನ ಕೆಲಸ ನಿನಗೇ ಎಂದು ನೀವೇ ಬರೆದುಕೊಡಿ.