ಗೋಡೆಯ ಮೇಲಿನ ಮೊಟ್ಟೆ ಲೆಕ್ಕ

ಮೊಟ್ಟೆ ಲೆಕ್ಕ ಬರೆದಿಡುವುದು ಒಳ್ಳೆಯ ಅಭ್ಯಾಸ ಎಂಬ ಮಾತಿಗೆ ಈಗ ಎದುರಾಡುವವರೇ ಇಲ್ಲ. ರಾಜಾಜಿನಗರದಿಂದ ಕೆಂಗೇರಿ ಉಪನಗರದವರೆಗೆ, ಮೂವತ್ತು ನಲವತ್ತು ಸೈಟಿನ ಹಿತ್ತಲಲ್ಲೋ ಮಹಡಿಯ ನೀರಿನ ಟ್ಯಾಂಕಿನ ಪಕ್ಕದಲ್ಲೋ ನಾಲ್ಕಾರು ಕೋಳಿ ಸಾಕಿಕೊಂಡವರನ್ನು ಮಾತಾಡಿಸಿ ನೋಡಿ. ಕೋಳಿ ತೋರಿಸುವ ಮೊದಲು ಲೆಕ್ಕ ತೋರಿಸುತ್ತಾರೆ. ಹಲವರದು ಬೆಂಗಳೂರು ಪ್ರೆಸ್ ಕ್ಯಾಲೆಂಡರು. ಹಾಲು, ಗ್ಯಾಸ್ ಸಿಲಿಂಡರು, ಕೆಲಸದಾಕೆ ಬಾರದ ದಿನ, ಇವುಗಳ ಸಾಲಿಗೆ ಮೊಟ್ಟೆಯೂ ಸೇರಿದೆ. ಕೆಲವರು ಎಕ್ಸೆಲ್‌ನಲ್ಲಿ ಬರೆದು ಗ್ರಾಫ್ ಕೂಡ ಎಳೆಯುತ್ತಾರೆ. ಮಹಡಿ ಕೃಷಿಯ ಬಗ್ಗೆ ಬರೆಯುವವರು, ತರಬೇತಿ ಕೊಡುವವರು ಇದನ್ನೇ ವೈಜ್ಞಾನಿಕ ಸಾಕಣೆಯ ಮೊದಲ ಮೆಟ್ಟಿಲು ಅನ್ನುತ್ತಾರೆ.

ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ. ಈ ಲೆಕ್ಕಕ್ಕೆ ಸಿಕ್ಕಿರುವ ಮರ್ಯಾದೆ ಅದರ ಯೋಗ್ಯತೆಗೆ ಮೀರಿದ್ದು. ಮನೆಗೆ ಎಷ್ಟು ಮೊಟ್ಟೆ ಬಂತು ಅನ್ನುವುದು ಅದರಲ್ಲಿ ಸಿಗುತ್ತದೆ. ಕೋಳಿ ಹೇಗೆ ಮೊಟ್ಟೆಯಿಡುತ್ತಿದೆ ಅನ್ನುವುದು ಸಿಗುವುದಿಲ್ಲ. ಅದನ್ನು ತಿಳಿಯುವ ಹಳೆಯ ವಿದ್ಯೆಯೊಂದು ನಮ್ಮ ಹಳ್ಳಿ ಹೆಂಗಸರ ಕೈಯಲ್ಲಿ ಇತ್ತು. ಅದನ್ನು ಕೊಳಕು ಕೆಲಸ ಎಂದು ಮೂಲೆಗೆ ತಳ್ಳಿ, ಆ ಜಾಗದಲ್ಲಿ ಈ ಅಂಕಿಗಳನ್ನು ಕೂರಿಸಿದ್ದೇವೆ.

ಪದ್ಧತಿ ಬಂದದ್ದು ಫಾರಂನಿಂದ. ಐದು ಸಾವಿರ ಕೋಳಿಯ ಶೆಡ್ಡಿನಲ್ಲಿ ದಿನದ ಮೊಟ್ಟೆಯನ್ನು ಅವತ್ತು ಬದುಕಿರುವ ಕೋಳಿಯ ಸಂಖ್ಯೆಯಿಂದ ಭಾಗಿಸಿ 'ಹೆನ್ ಡೇ' ಶೇಕಡಾವಾರು ತೆಗೆಯುತ್ತಾರೆ. ಅಲ್ಲಿ ಅದು ಸರಿ. ಒಂದು ಕೋಳಿ ಇವತ್ತು ಬಿಡುವು ತೆಗೆದುಕೊಂಡರೆ ಇನ್ನೊಂದು ಬಿಡುವು ಮುಗಿಸಿ ಬಂದಿರುತ್ತದೆ, ಏರುಪೇರು ಒಂದಕ್ಕೊಂದು ವಜಾ ಆಗಿಹೋಗುತ್ತದೆ. ಅಂಥ ಕಡೆ ನಾಲ್ಕೈದು ಶೇಕಡಾ ಇಳಿದರೆ ನೀರಿನ ನಿಪ್ಪಲ್ ಕಟ್ಟಿದೆಯೋ, ಮೇವು ಕೆಟ್ಟಿದೆಯೋ, ರೋಗ ಬಂತೋ ಎಂದು ಓಡಬೇಕು. ನಾಲ್ಕು ಕೋಳಿಯ ಮನೆಯಲ್ಲಿ ಒಂದೇ ಒಂದು ಮೊಟ್ಟೆ ಕಮ್ಮಿಯಾದರೂ 25 ಶೇಕಡಾ ಕುಸಿತ! ಅಲ್ಲಿ ಯಾರೂ ಓಡುವುದಿಲ್ಲ, ಓಡಬೇಕಾಗಿಯೂ ಇಲ್ಲ. ಹಾಗಿದ್ದ ಮೇಲೆ ಅಂಕಿ ಯಾಕೆ?

ತಳಿಯ ಅಂಕಿಯದೂ ಇದೇ ಕಥೆ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಲ್ಲಿ 1980ರ ದಶಕದ ಕೊನೆಗೆ ರೂಪುಗೊಂಡ ಗಿರಿರಾಜ ವರ್ಷಕ್ಕೆ 140-150 ಮೊಟ್ಟೆ, 2005ರಲ್ಲಿ ಅಲ್ಲಿಂದಲೇ ಬಂದ ಸ್ವರ್ಣಧಾರ 180-190 ಎಂದು ಹೇಳುತ್ತಾರೆ. ಅದು ಒಂದು ಹಿಂಡಿನ ಸರಾಸರಿ. ವರ್ಷಕ್ಕೆ 150 ಅಂದರೆ ಹೆಚ್ಚುಕಮ್ಮಿ ಎರಡೂವರೆ ದಿನಕ್ಕೊಂದು. ಮರಿ ತಂದವರು ಮಾತ್ರ ದಿನಕ್ಕೊಂದು ಸಿಗುತ್ತದೆ ಎಂದು ಕಾದು ಕೂತು, ಸೊನ್ನೆ ಬರೆದ ದಿನ ಕೋಳಿ ಮಾರಿದವನನ್ನು ಬೈಯುತ್ತಾರೆ.

ಈಗ ಒಂದು ಪುಟವನ್ನೇ ಓದೋಣ. ವಿಜಯನಗರದ ಮನೆಯೊಂದರ ಅಡುಗೆಮನೆ ಗೋಡೆಯಲ್ಲಿದ್ದ ನವೆಂಬರ್ ಹಾಳೆ ಇದು. ನಾಲ್ಕು ಕೋಳಿ, ನಾಲ್ಕೂ ಕಂದು ಮೊಟ್ಟೆಯ ಫಾರಂ ತಳಿ, ಒಂದೇ ವಯಸ್ಸು. ಮೂವತ್ತು ದಿನಗಳಲ್ಲಿ 21 ದಿನ ಮೂರು ಮೊಟ್ಟೆ, ಎಂಟು ದಿನ ಎರಡು, ಒಂದು ದಿನ ಒಂದು. ಒಟ್ಟು 80. ಮನೆಯ ಯಜಮಾನರು ಕೆಳಗೆ ಕೆಂಪು ಶಾಯಿಯಲ್ಲಿ 'ಶೇ. 67' ಎಂದು ಬರೆದು ಎರಡು ಗೆರೆ ಎಳೆದಿದ್ದಾರೆ. ಪರವಾಗಿಲ್ಲ, ಮೂರರಲ್ಲಿ ಎರಡು ಪಾಲು ಬಂದಿದೆ, ಮೇವಿನ ದುಡ್ಡು ಹುಟ್ಟಿತು ಎಂದು ಅವರಿಗೆ ಸಮಾಧಾನ.

ಆ ಪುಟದಲ್ಲಿ ಏನಿಲ್ಲ ಎಂದು ನೋಡಿ. ನಾಲ್ಕು ಎಂಬ ಅಂಕಿ ಒಂದು ದಿನವೂ ಇಲ್ಲ. ನಾಲ್ಕು ಕೋಳಿಯೂ ಸಮನಾಗಿ, ಮೂರು ದಿನಕ್ಕೆ ಎರಡರಂತೆ, ತಮ್ಮ ಪಾಡಿಗೆ ತಾವು ಇಡುತ್ತಿದ್ದರೆ ನಾಲ್ಕೂ ಒಟ್ಟಿಗೆ ಇಟ್ಟ ದಿನ ತಿಂಗಳಲ್ಲಿ ಐದಾರಾದರೂ ಬರಬೇಕಿತ್ತು. ಒಂದೇ ಮೊಟ್ಟೆಯ ದಿನವೂ ಮೂರರ ಆಸುಪಾಸು ಇರಬೇಕಿತ್ತು. ಬದಲಾಗಿ ಮೂರೇ ಕೋಳಿ ಒಂಬತ್ತು ದಿನಕ್ಕೆ ಎಂಟರಂತೆ ಇಡುತ್ತಿವೆ ಎಂದುಕೊಂಡು ಲೆಕ್ಕ ಹಾಕಿ. ಮೂರು ಬರುವ ದಿನ 21, ಎರಡು ಬರುವ ದಿನ ಎಂಟು, ಒಂದು ಬರುವ ದಿನ ಒಂದು. ಹಾಳೆಯಲ್ಲಿ ಇರುವುದು ಅದೇ. ಅಂದರೆ ಶೇ. 67ರ ಹಿಂಡು ಅಲ್ಲಿ ಇಲ್ಲವೇ ಇಲ್ಲ. ಶೇ. 89ರ ಮೂರು ಕೋಳಿಯಿದೆ, ಮೇವು ತಿಂದುಕೊಂಡು ಓಡಾಡುವ ಇನ್ನೊಂದಿದೆ. ಶೇಕಡಾವಾರು ಮಾಡಿದ್ದೇನೆಂದರೆ, ಆ ಮೂರರ ದುಡಿಮೆಯನ್ನು ನಾಲ್ಕನೆಯದರ ಮೇಲೂ ಹಂಚಿ ಅದನ್ನು ಬಚಾವು ಮಾಡಿದ್ದು.

ಇಷ್ಟು ಹೊರಟಿತಲ್ಲ, ಹಾಗಾದರೆ ಲೆಕ್ಕ ಉಪಯೋಗಕ್ಕೆ ಬಂತಲ್ಲ ಎನ್ನಬಹುದು. ತಾಳಿ. ಆ ನಾಲ್ಕನೆಯದು ಯಾವುದು? ಹಾಳೆ ಹೇಳುವುದಿಲ್ಲ. ನಿಜವಾಗಿ ಅದು ಇಡುತ್ತಿಲ್ಲವೋ, ಅಥವಾ ವಾಷಿಂಗ್ ಮಷೀನಿನ ಹಿಂದೆ ಗುಪ್ಪೆ ಹಾಕಿದೆಯೋ? ಹೇಳುವುದಿಲ್ಲ. ಮೋರಿಯ ಹೆಗ್ಗಣ ನಸುಕಿನಲ್ಲೇ ಒಂದನ್ನು ಎತ್ತಿಕೊಂಡು ಹೋಗುತ್ತಿದೆಯೋ, ಕೋಳಿಗಳಲ್ಲೇ ಒಂದಕ್ಕೆ ಮೊಟ್ಟೆ ಕುಕ್ಕಿ ತಿನ್ನುವ ಚಟ ಹತ್ತಿದೆಯೋ? ಅದೂ ಇಲ್ಲ. ಬರೆದದ್ದು ಸಿಕ್ಕ ಮೊಟ್ಟೆಯ ಲೆಕ್ಕ. ಇಟ್ಟ ಮೊಟ್ಟೆ ಬೇರೆ, ಸಿಕ್ಕ ಮೊಟ್ಟೆ ಬೇರೆ.

ಇನ್ನು ಆ ಒಂದೇ ಮೊಟ್ಟೆಯ ದಿನ. ಅದರ ಪಕ್ಕ ಸಣ್ಣ ಅಕ್ಷರದಲ್ಲಿ 'ಪಟಾಕಿ' ಎಂದು ಬರೆದಿದೆ. ಕೇಳಲು ಚೆನ್ನಾಗಿದೆ, ಇರಲೂಬಹುದು. ಆದರೆ ಮೂರು ಕೋಳಿಯ ಲೆಕ್ಕದಲ್ಲಿ ತಿಂಗಳಿಗೊಂದು ಇಂಥ ದಿನ ಪಟಾಕಿ ಇಲ್ಲದೆಯೂ ಬರುತ್ತದೆ ಎಂದು ಈಗಷ್ಟೇ ನೋಡಿದೆವು. ರಾತ್ರಿ ಹೊತ್ತು ಪಟಾಕಿ ಸಿಡಿದಾಗ ಮರುದಿನದ ಮೊಟ್ಟೆ ಕೋಳಿಯ ಹೊಟ್ಟೆಯಲ್ಲಿ ಚಿಪ್ಪು ಕಟ್ಟಿಕೊಳ್ಳುತ್ತಿರುತ್ತದೆ. ಹೆದರಿದ ಕೋಳಿ ಅದನ್ನು ಹೊತ್ತು ಮೀರಿ ತಡೆಹಿಡಿಯಬಹುದು, ಅಥವಾ ಚಿಪ್ಪು ಬಲಿಯುವ ಮೊದಲೇ ಹಾಕಿಬಿಡಬಹುದು. ಹಾಗಾಗಿ ಸಾಕ್ಷಿ ಇರುವುದು ಚಿಪ್ಪಿನಲ್ಲಿ: ತೆಳುವಾಗಿತ್ತೇ, ಸೊಂಟಪಟ್ಟಿಯಂಥ ಗೆರೆ ಬಿದ್ದಿತ್ತೇ, ಸುಣ್ಣದ ಪುಡಿ ಮೆತ್ತಿತ್ತೇ? ಯಜಮಾನರು ಮೊಟ್ಟೆ ಎಣಿಸಿ ಫ್ರಿಜ್ಜಿಗೆ ಇಟ್ಟರು. ಸಾಕ್ಷಿ ಆಮ್ಲೆಟ್ ಆಯಿತು.

ಮೊಟ್ಟೆಯಿಡುವ ರೀತಿ ಇರುವುದು ಹೊತ್ತಿನಲ್ಲಿ. ಒಂದು ಮೊಟ್ಟೆ ಬಿದ್ದು ಅರ್ಧ ಗಂಟೆ ಕಳೆಯುವಷ್ಟರಲ್ಲಿ ಮುಂದಿನ ಹಳದಿ ಅಂಡಾಶಯದಿಂದ ಜಾರುತ್ತದೆ. ಅದು ಮೊಟ್ಟೆಯಾಗಿ ಹೊರಬರಲು 24ರಿಂದ 26 ಗಂಟೆ ಬೇಕು, ಅದರಲ್ಲಿ ಸುಮಾರು 20 ಗಂಟೆ ಚಿಪ್ಪಿಗೇ ಹೋಗುತ್ತದೆ. ದಿನಕ್ಕಿರುವುದು 24 ಗಂಟೆ. ಹಾಗಾಗಿ ಇವತ್ತು ಎಂಟಕ್ಕೆ ಇಟ್ಟ ಕೋಳಿ ನಾಳೆ ಒಂಬತ್ತರ ಮೇಲೆ, ನಾಡಿದ್ದು ಹತ್ತೂವರೆಗೆ, ಹೀಗೆ ಜರುಗುತ್ತಾ ಮಧ್ಯಾಹ್ನ ದಾಟುತ್ತದೆ. ಆಮೇಲೆ ಒಂದು ದಿನ ಬಿಡುವು, ಮತ್ತೆ ಬೆಳಗಿನಿಂದ ಶುರು. ಒಳ್ಳೆಯ ಕೋಳಿಯಲ್ಲಿ ಈ ಜರುಗು ಸಣ್ಣದು, ಅದಕ್ಕೇ ಅದರ ಸರಣಿ ಉದ್ದ. ವಯಸ್ಸಾದಂತೆ ಜರುಗು ಹಿಗ್ಗಿ ಸರಣಿ ಮೋಟಾಗುತ್ತದೆ. ಮೊಟ್ಟೆ ನಿಲ್ಲಿಸುವ ಮೊದಲೇ ಕೋಳಿ ಈ ಸುಳಿವು ಕೊಡುತ್ತದೆ. ಮೊಟ್ಟೆಯಿಟ್ಟು ಕೂಗುವ ಕೂಗು ಪಕ್ಕದ ಮನೆಗೂ ಕೇಳುವಾಗ ಗಡಿಯಾರ ನೋಡುವುದು ಕಷ್ಟವಲ್ಲ. ಆದರೂ ಹೊತ್ತಿಗೊಂದು ಕಾಲಂ ಇರುವ ಲೆಕ್ಕ ನನಗೆ ಈ ಕಡೆಯ ಮನೆಗಳಲ್ಲಿ ಇನ್ನೂ ಸಿಕ್ಕಿಲ್ಲ.

ಹಳ್ಳಿಯಲ್ಲಿ ಬೆಳಗ್ಗೆ ಗೂಡಿನ ಬಾಗಿಲು ತೆಗೆಯುವಾಗ ಅಜ್ಜಿ ಒಂದೊಂದೇ ಹೇಂಟೆಯನ್ನು ಕಂಕುಳಲ್ಲಿ ಇರುಕಿಕೊಂಡು ಹಿಂಬದಿಗೆ ಬೆರಳಿಟ್ಟು ನೋಡುತ್ತಿದ್ದಳು. ಮೊಟ್ಟೆ ತಗುಲಿದರೆ ಆ ಕೋಳಿಯನ್ನು ಬಿಡುವಂತಿಲ್ಲ, ಮಂಕರಿ ಕವುಚಿ ಹಾಕಬೇಕು. ಇಟ್ಟು ಕೂಗಿದ ಮೇಲೆ ಬಿಡುಗಡೆ. ತಗುಲದಿದ್ದರೆ ಹೊಲಕ್ಕೆ. ಯಾವ ಕೋಳಿ, ಇವತ್ತು ಇಡುತ್ತದೋ ಇಲ್ಲವೋ, ಎಲ್ಲಿ ಇಡಬೇಕು, ಮೂರಕ್ಕೂ ಒಂದೇ ಗಳಿಗೆಯಲ್ಲಿ ಉತ್ತರ. ಉದ್ದನೆಯದು ಕರಿಯಳದು, ಗುಂಡನೆಯದು ಕುಂಟಿಯದು ಎಂದು ಚಿಪ್ಪು ನೋಡಿಯೇ ಹೇಳುತ್ತಿದ್ದರು. ಅದು ಬರೀ ಬಡಾಯಿಯಲ್ಲ. ಒಂದು ಕೋಳಿಯ ಮೊಟ್ಟೆಯ ಆಕಾರ, ಬಣ್ಣ, ಚುಕ್ಕೆ ಬಹುಮಟ್ಟಿಗೆ ಬದಲಾಗುವುದಿಲ್ಲ. ಕಾವಿಗೆ ಇಟ್ಟ ಮೊಟ್ಟೆಗೆ ಇದ್ದಿಲಿನ ಗುರುತು, 21 ದಿನದ ಎಣಿಕೆ, ಗೂಡಿನಲ್ಲಿ ಒಂದು ಮೊಟ್ಟೆ ಬಿಟ್ಟೇ ಉಳಿದದ್ದನ್ನು ತೆಗೆಯುವ ಜಾಣತನ, ಎಲ್ಲವೂ ಅದೇ ವಿದ್ಯೆಯ ಭಾಗ.

ಇದು ನಮ್ಮೊಬ್ಬರ ಹಳ್ಳಿತನ ಎಂದು ನಾಚಿಕೊಳ್ಳಬೇಕಿಲ್ಲ. ಅಮೆರಿಕದಲ್ಲಿ ನೂರು ವರ್ಷದ ಹಿಂದೆ ಇದೇ ಜಗಳ ನಡೆದಿದೆ. ಆರೆಗಾನ್ ಕೃಷಿ ಕಾಲೇಜಿನ ಜೇಮ್ಸ್ ಡ್ರೈಡನ್, ಕೋಳಿ ಒಳಹೊಕ್ಕೊಡನೆ ಬಾಗಿಲು ತಾನೇ ಮುಚ್ಚಿಕೊಳ್ಳುವ ಗೂಡಿಟ್ಟು ಪ್ರತಿ ಮೊಟ್ಟೆಯನ್ನೂ ಇಟ್ಟ ಕೋಳಿಯ ಹೆಸರಿಗೇ ಬರೆದರು; 1913ರಲ್ಲಿ ಅವರ ಒಂದು ಕೋಳಿ ವರ್ಷಕ್ಕೆ 303 ಮೊಟ್ಟೆಯಿಟ್ಟು ಹೆಸರಾಯಿತು. ಅದೇ ಕಾಲಕ್ಕೆ ವಾಲ್ಟರ್ ಹೋಗನ್ ಎಂಬಾತ, ಅಷ್ಟೆಲ್ಲ ಯಾಕೆ, ಕೋಳಿಯ ಹಿಂಭಾಗದ ಮೂಳೆ ಮುಟ್ಟಿ ನೋಡಿದರೆ ಸಾಕು ಎಂದು ಪುಸ್ತಕ ಬರೆದ. ಒಬ್ಬ ಗೂಡು ನಂಬಿದ, ಇನ್ನೊಬ್ಬ ಕೈ ನಂಬಿದ. ದಿನದ ಒಟ್ಟು ಮೊತ್ತವನ್ನು ಇಬ್ಬರೂ ನಂಬಲಿಲ್ಲ ಅನ್ನುವುದು ಮುಖ್ಯ.

ನನ್ನ ಈ ವಾದಕ್ಕೆ ಬರುವ ಆಕ್ಷೇಪಗಳಲ್ಲಿ ಎರಡಕ್ಕೆ ಉತ್ತರಿಸಲೇಬೇಕು. ಮಹಡಿ ಕೃಷಿಯ ಹಿರಿಯರೊಬ್ಬರ ಪ್ರಕಾರ ಅಂಕಿ ತಪ್ಪಿದ್ದರೂ ಬರೆಯುವ ಅಭ್ಯಾಸದಿಂದ ಸಾಕುವವನಿಗೆ ಶಿಸ್ತು ಬರುತ್ತದೆ. ಶಿಸ್ತು ಬೇಕಾದವರು ವಾಕಿಂಗ್ ಹೋಗಲಿ, ಕೋಳಿಯ ಹೆಸರಲ್ಲಿ ಯಾಕೆ? ಇದರ ಹಿಂದೆ ಇನ್ನೊಂದು ವಿಷಯವಿದೆ, ಯಾರೂ ಹೇಳುವುದಿಲ್ಲ. ಕೋಳಿ ಹೆಂಗಸರ ಕೈಯಲ್ಲಿದ್ದಷ್ಟು ಕಾಲ ಅವರಿಗೆ ಗೊತ್ತಿದ್ದದ್ದನ್ನು ಯಾರೂ ಜ್ಞಾನ ಅನ್ನಲಿಲ್ಲ. ಬ್ಯಾಂಕಿನಿಂದಲೋ ಕಾರ್ಖಾನೆಯಿಂದಲೋ ನಿವೃತ್ತರಾದ ಗಂಡಸರು ಮಹಡಿಯಲ್ಲಿ ಗೂಡು ಕಟ್ಟಿಸಿದ ಮೇಲೆ ಅದು 'ದಾಖಲೀಕರಣ' ಆಯಿತು. ಅಡುಗೆಮನೆಯ ಬಾಗಿಲಲ್ಲಿ ನಿಂತ ಹೆಂಡತಿಗೆ ಯಾವ ಕೋಳಿ ಇಡುತ್ತಿಲ್ಲ ಎಂದು ಗೊತ್ತಿರುತ್ತದೆ. ಪೆನ್ನು ಹಿಡಿದವರು ಕೇಳಿರುವುದಿಲ್ಲ, ಅಷ್ಟೆ.

ಎರಡನೆಯದು, ಬೆರಳಿಟ್ಟು ನೋಡುವುದು ಹಿಂಸೆ, ಗಲೀಜು ಎಂಬ ತಕರಾರು. ಅರ್ಧ ಒಪ್ಪುತ್ತೇನೆ. ಒರಟಾಗಿ ಮಾಡಿದರೆ ಚಿಪ್ಪು ಒಳಗೇ ಒಡೆಯಬಹುದು, ನಂಜೂ ಆಗಬಹುದು. ಆದರೆ ಬೆರಳು ಒಳಗೆ ಹೋಗಲೇಬೇಕೆಂದಿಲ್ಲ, ಹೊರಗಿನಿಂದ ಮೂಳೆ ಮುಟ್ಟಿದರೂ ಕೋಳಿ ಇಡುತ್ತಿದೆಯೋ ಇಲ್ಲವೋ ತಿಳಿಯುತ್ತದೆ. ತಿಂಗಳುಗಟ್ಟಲೆ ಇಡದ ಕೋಳಿ ಯಾವುದೆಂದು ತಿಳಿಯದೆ, ಕೊನೆಗೆ ಕಣ್ಣಂದಾಜಿನಲ್ಲಿ ಒಂದನ್ನು ಹಿಡಿದು ಕೊಯ್ಯುವುದು ಯಾವ ಅಹಿಂಸೆ?

ಇಂಗ್ಲಿಷ್ ಕೈಪಿಡಿಗಳಿಂದ ಎತ್ತಿಕೊಂಡು 'ಚಳಿಗಾಲದ ಕುಸಿತ ಗುರುತಿಸಿ' ಎಂದು ಬರೆಯುವವರ ಬಗ್ಗೆ ಹೆಚ್ಚು ಮಾತು ಬೇಡ. ಲಂಡನ್ನಿನಲ್ಲಿ ಡಿಸೆಂಬರಿನ ಹಗಲು ಎಂಟು ಗಂಟೆಯೂ ಇರುವುದಿಲ್ಲ. ಬೆಂಗಳೂರಿನಲ್ಲಿ ಡಿಸೆಂಬರಿನ ಹಗಲಿಗೂ ಜೂನ್ ಹಗಲಿಗೂ ಇರುವ ಅಂತರ ಒಂದೂವರೆ ಗಂಟೆ ಮಾತ್ರ, ಅದನ್ನೂ ಬೀದಿದೀಪ ನುಂಗುತ್ತದೆ. ಇಲ್ಲಿ ನೋಡಬೇಕಾದದ್ದು ಏಪ್ರಿಲ್ ಬಿಸಿಲು, ಪುಕ್ಕ ಉದುರುವ ಕಾಲ, ನಾಟಿ ಕೋಳಿಯಾದರೆ ಹನ್ನೆರಡು ಹದಿನೈದು ಮೊಟ್ಟೆಗೆ ಕಾವು ಕೂರುವ ಹಟ.

ಕ್ಯಾಲೆಂಡರಿನ ಪರವಾಗಿ ಒಂದು ಮಾತು ಹೇಳಬಹುದು. ಮೇವಿನ ಖರ್ಚಿಗೆ ಮೊಟ್ಟೆ ಸಮವಾಯಿತೇ ಎಂದು ತಿಳಿಯಲು ಅದು ಸಾಕು. ಅದಕ್ಕಿಂತ ಹೆಚ್ಚಿನ ಕೆಲಸ ಅದಕ್ಕೆ ಕೊಡಬೇಡಿ. ನಿಜವಾಗಿ ಕೋಳಿಯ ರೀತಿ ತಿಳಿಯಬೇಕೆಂದಿದ್ದರೆ, ರಾತ್ರಿ ಕೋಳಿ ಮುಚ್ಚುವ ಹೊತ್ತಿಗೆ ಒಂದೊಂದನ್ನೇ ಎತ್ತಿಕೊಳ್ಳಿ, ಕತ್ತಲಲ್ಲಿ ಅವು ಗಲಾಟೆ ಮಾಡುವುದಿಲ್ಲ. ಮೊಟ್ಟೆ ಬರುವ ದ್ವಾರದ ಎರಡೂ ಪಕ್ಕ ಚೂಪಾದ ಎರಡು ಮೂಳೆ ಕೈಗೆ ಸಿಗುತ್ತವೆ. ಅವುಗಳ ನಡುವೆ ಎರಡು ಮೂರು ಬೆರಳು ಹಿಡಿಸಿದರೆ, ಹೊಟ್ಟೆ ಮೆತ್ತಗಿದ್ದರೆ, ಆ ಕೋಳಿ ಇಡುತ್ತಿದೆ. ಒಂದು ಬೆರಳೂ ಹಿಡಿಸದಿದ್ದರೆ ಇಡುತ್ತಿಲ್ಲ.