ಹಾರ್ವೆಯ ಗ್ರಂಥ: ನಾವು ಕೈಬಿಟ್ಟ ಲೆಕ್ಕ

ರಕ್ತ ಪರಿಚಲನೆಯ ಪಾಠ ಬಂದಾಗಲೆಲ್ಲ ವಿಲಿಯಂ ಹಾರ್ವೆ (1578-1657) ಹೆಸರು ಬರುತ್ತದೆ. 'ರಕ್ತ ಪರಿಚಲನೆಯನ್ನು ಕಂಡುಹಿಡಿದವರು ಯಾರು?' ಎಂಬುದು ಒಂದು ಅಂಕದ ಪ್ರಶ್ನೆ. ಉತ್ತರವೂ ಒಂದು ಹೆಸರು ಮಾತ್ರ. ಆತ ಅದನ್ನು ಹೇಗೆ ಸಾಧಿಸಿ ತೋರಿಸಿದ ಎಂಬ ಪ್ರಶ್ನೆ ತರಗತಿಯಲ್ಲಿ ಏಳುವುದು ಅಪರೂಪ. ಅದಕ್ಕೆ ಉತ್ತರ ಇರುವುದು 1628ರಲ್ಲಿ ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಅಚ್ಚಾದ ಆತನ ಲ್ಯಾಟಿನ್ ಗ್ರಂಥದಲ್ಲಿ. ಪ್ರಾಣಿಗಳಲ್ಲಿ ಹೃದಯ ಮತ್ತು ರಕ್ತದ ಚಲನೆಯನ್ನು ಕುರಿತ ಈ ಗ್ರಂಥ 'ಡಿ ಮೋಟು ಕಾರ್ಡಿಸ್' ಎಂಬ ಚಿಕ್ಕ ಹೆಸರಿನಿಂದ ಪ್ರಸಿದ್ಧ. 72 ಪುಟ, 17 ಅಧ್ಯಾಯಗಳ ಈ ಪುಟ್ಟ ಪುಸ್ತಕದ ಗುಣದೋಷಗಳೆರಡೂ ಇಂದಿನ ಶಿಕ್ಷಕರಿಗೆ ಉಪಯುಕ್ತ.

ಹಾರ್ವೆ ಎದುರಿಸಿದ್ದು ಎರಡನೆಯ ಶತಮಾನದ ಗ್ರೀಕ್ ವೈದ್ಯ ಗ್ಯಾಲೆನ್‌ನ ಸಿದ್ಧಾಂತವನ್ನು. ಅದರ ಪ್ರಕಾರ ತಿಂದ ಆಹಾರದಿಂದ ಯಕೃತ್ತಿನಲ್ಲಿ ರಕ್ತ ತಯಾರಾಗುತ್ತದೆ. ಅಭಿಧಮನಿಗಳ ಮೂಲಕ ಅಂಗಾಂಗಗಳಿಗೆ ಹರಿದು ಅಲ್ಲಿಯೇ ವ್ಯಯವಾಗುತ್ತದೆ. ಅಂದರೆ ರಕ್ತ ಮರಳಿ ಬರುವುದಿಲ್ಲ. ನಾಲೆಯ ನೀರು ಹೊಲದಲ್ಲಿ ಇಂಗುವಂತೆ ಅದು ಇಂಗಿಹೋಗುತ್ತದೆ. ರಕ್ತ ಶ್ವಾಸಕೋಶದ ಮೂಲಕ ಹಾಯುತ್ತದೆ ಎಂದು 13ನೆಯ ಶತಮಾನದಲ್ಲಿ ಇಬ್ನ್ ಅಲ್-ನಫೀಸ್, 16ನೆಯ ಶತಮಾನದಲ್ಲಿ ಕೊಲಂಬೊ ಹೇಳಿದ್ದರು. ಆದರೆ ಇಡೀ ದೇಹದಲ್ಲಿ ರಕ್ತ ಸುತ್ತುತ್ತದೆ ಎಂಬುದಕ್ಕೆ ಪುರಾವೆ ಬೇಕಿತ್ತು.

ಆ ಪುರಾವೆ ಒಂಬತ್ತನೆಯ ಅಧ್ಯಾಯದಲ್ಲಿದೆ. ಅದು ಪ್ರಾಥಮಿಕ ಶಾಲೆಯ ಗುಣಾಕಾರ. ಹೃದಯದ ಒಂದು ಬಡಿತಕ್ಕೆ ಅರ್ಧ ಔನ್ಸ್, ಅಂದರೆ ಸುಮಾರು 15 ಗ್ರಾಂ ರಕ್ತ ಹೊರಬೀಳುತ್ತದೆಂದು ಇಟ್ಟುಕೊಳ್ಳೋಣ. ಅರ್ಧ ಗಂಟೆಗೆ ಒಂದು ಸಾವಿರ ಬಡಿತ ಎಂದುಕೊಂಡರೂ ಹೊರಬಿದ್ದ ರಕ್ತ 15 ಕಿಲೋಗ್ರಾಂ ಆಗುತ್ತದೆ. ಇಷ್ಟು ರಕ್ತ ಇಡೀ ದೇಹದಲ್ಲಿಯೇ ಇಲ್ಲ. ಅರ್ಧ ಗಂಟೆಯಲ್ಲಿ ಇಷ್ಟನ್ನು ತಯಾರಿಸುವಷ್ಟು ಆಹಾರವನ್ನು ಯಾರೂ ತಿನ್ನಲಾರರು. ಆದ್ದರಿಂದ ಅದೇ ರಕ್ತ ಮತ್ತೆ ಮತ್ತೆ ಹೃದಯಕ್ಕೆ ಮರಳುತ್ತಿರಲೇಬೇಕು. ಕುರಿಯ ದೇಹದಲ್ಲಿ ಎಷ್ಟು ರಕ್ತವಿದೆ ಎಂಬುದನ್ನು ಹಾರ್ವೆ ಸ್ವತಃ ಪರೀಕ್ಷಿಸಿ, ಅದಕ್ಕೂ ಇಂಥದೇ ಲೆಕ್ಕ ಕೊಟ್ಟಿದ್ದಾನೆ.

ಇಂದಿನ ಅಳತೆಗಳಿಗೆ ಹೋಲಿಸಿದರೆ ಹಾರ್ವೆಯ ಅಂಕಿಗಳು ತೀರ ಕಡಿಮೆ. ವಿಶ್ರಾಂತಿಯಲ್ಲಿರುವ ವಯಸ್ಕರಲ್ಲಿ ಬಡಿತವೊಂದಕ್ಕೆ ಸುಮಾರು 70 ಮಿಲಿಲೀಟರ್, ನಿಮಿಷಕ್ಕೆ ಸುಮಾರು 72 ಬಡಿತ. ಅರ್ಧ ಗಂಟೆಗೆ ಸುಮಾರು 150 ಲೀಟರ್. ಹಾರ್ವೆಯ ಮೊತ್ತ ಇದರ ಹತ್ತನೆಯ ಒಂದು ಭಾಗ. ಆದರೂ ವಾದ ಕುಸಿಯುವುದಿಲ್ಲ. ಎದುರಾಳಿಗೆ ಅನುಕೂಲವಾಗುವಷ್ಟು ಕಡಿಮೆ ಅಂಕಿ ಹಿಡಿದರೂ ಹಳೆಯ ಸಿದ್ಧಾಂತ ನಿಲ್ಲುವುದಿಲ್ಲ ಎಂದು ತೋರಿಸಿರುವುದೇ ಅದರ ಬಲ. ನಿಖರ ಉಪಕರಣಗಳಿಲ್ಲದೆಯೂ ಖಚಿತ ತೀರ್ಮಾನ ಸಾಧ್ಯ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ಶಾಲಾ ಜೀವವಿಜ್ಞಾನದಲ್ಲಿ ಸಿಗುವುದು ಕಷ್ಟ.

ಗ್ರಂಥದ ಎರಡನೆಯ ಗುಣ, ಲೆಕ್ಕದಿಂದ ಬಂದ ತೀರ್ಮಾನವನ್ನು ಪ್ರಯೋಗದಿಂದ ಪರೀಕ್ಷಿಸಿರುವುದು. ಮುಂದೋಳಿನ ಉಬ್ಬಿದ ಅಭಿಧಮನಿಯನ್ನು ಒಂದು ಬೆರಳಿನಿಂದ ಒತ್ತಿ ಹಿಡಿದು, ಇನ್ನೊಂದು ಬೆರಳಿನಿಂದ ರಕ್ತವನ್ನು ಹೃದಯದ ಕಡೆಗೆ, ಮುಂದಿನ ಕವಾಟದ ಆಚೆಗೆ ಸವರಿದರೆ ನಾಳ ಬರಿದಾಗುತ್ತದೆ. ಮೇಲಿನಿಂದ ರಕ್ತ ಹಿಂತಿರುಗುವುದಿಲ್ಲ. ಕೆಳಗಿನ ಬೆರಳನ್ನು ತೆಗೆದ ಕೂಡಲೇ ನಾಳ ತುಂಬಿಕೊಳ್ಳುತ್ತದೆ. ಈ ಕವಾಟಗಳನ್ನು ವಿವರಿಸಿದ್ದವನು ಪಾಡುವಾದಲ್ಲಿ ಹಾರ್ವೆಯ ಗುರುವಾಗಿದ್ದ ಫ್ಯಾಬ್ರೀಸಿಯಸ್. ಕೈಕಾಲುಗಳಿಗೆ ರಕ್ತ ಒಮ್ಮೆಲೇ ನುಗ್ಗದಂತೆ ಅವು ತಡೆಯುತ್ತವೆ ಎಂದು ಆತ ಭಾವಿಸಿದ್ದ. ಗುರು ಕಂಡ ರಚನೆಯೇ ಶಿಷ್ಯನಿಗೆ ಹರಿವಿನ ದಿಕ್ಕನ್ನು ತಿಳಿಸಿತು.

ಮೂರನೆಯ ಗುಣ ಶೀರ್ಷಿಕೆಯಲ್ಲಿಯೇ ಇದೆ: ಇದು ಪ್ರಾಣಿಗಳನ್ನು ಕುರಿತ ಪುಸ್ತಕ. ಹೃದಯ ನಿಧಾನವಾಗಿ ಬಡಿಯುವ ಕಪ್ಪೆ, ಹಾವು, ಮೀನುಗಳಲ್ಲಿ ಹಾರ್ವೆ ಅದರ ಚಲನೆಯನ್ನು ಹಂತಹಂತವಾಗಿ ನೋಡಿದ. ಪಾರದರ್ಶಕ ಸೀಗಡಿಯ ಹೃದಯ ಬಡಿಯುವುದನ್ನು ಸ್ನೇಹಿತರಿಗೂ ತೋರಿಸಿದ. ಶ್ವಾಸಕೋಶವಿಲ್ಲದ ಮೀನಿಗೆ ಒಂದೇ ಹೃತ್ಕುಕ್ಷಿ ಇರುವುದನ್ನು ಗಮನಿಸಿ, ಬಲ ಹೃತ್ಕುಕ್ಷಿ ಇರುವುದು ಶ್ವಾಸಕೋಶಕ್ಕಾಗಿ ಎಂದು ತರ್ಕಿಸಿದ. ಆದರೆ ಈ ಜ್ಞಾನದ ಬಹುಭಾಗ ಜೀವಂತ ಪ್ರಾಣಿಗಳನ್ನು ಕೊಯ್ದು ಪಡೆದದ್ದು ಎಂಬುದನ್ನು ಮರೆಮಾಚಬೇಕಿಲ್ಲ.

ಇನ್ನು ಕೊರತೆಗಳು. ಅಪಧಮನಿಯಿಂದ ಅಭಿಧಮನಿಗೆ ರಕ್ತ ಹೇಗೆ ದಾಟುತ್ತದೆ? ಮಾಂಸದ ಸೂಕ್ಷ್ಮ ರಂಧ್ರಗಳಲ್ಲಿ ಜಿನುಗಿ ಹೋಗಬಹುದು ಎಂಬುದರಾಚೆ ಹಾರ್ವೆಯಲ್ಲಿ ಉತ್ತರವಿಲ್ಲ. ಲೋಮನಾಳಗಳನ್ನು ಮಾಲ್ಪೀಜಿ ಸೂಕ್ಷ್ಮದರ್ಶಕದಿಂದ ಕಪ್ಪೆಯ ಶ್ವಾಸಕೋಶದಲ್ಲಿ ಕಂಡು ಪ್ರಕಟಿಸಿದ್ದು 1661ರಲ್ಲಿ, ಹಾರ್ವೆ ತೀರಿಕೊಂಡ ನಾಲ್ಕು ವರ್ಷಗಳ ನಂತರ.

ಇದಕ್ಕಿಂತ ದೊಡ್ಡ ಕೊರತೆ ಇನ್ನೊಂದಿದೆ. ರಕ್ತ ಸುತ್ತುತ್ತದೆ, ಸರಿ. ಏನನ್ನು ಹೊತ್ತು ಸುತ್ತುತ್ತದೆ? ಹಾವಿನ ವಿಷ ಕಚ್ಚಿದ ಜಾಗದಿಂದ ಇಡೀ ದೇಹಕ್ಕೆ ಹರಡುವುದನ್ನೂ ಹೊರಗೆ ಹಚ್ಚಿದ ಔಷಧ ಒಳಗೆ ಪರಿಣಾಮ ಬೀರುವುದನ್ನೂ ಹಾರ್ವೆ ಪರಿಚಲನೆಯಿಂದ ವಿವರಿಸುತ್ತಾನೆ. ಇಲ್ಲಿ ಆತ ಸಾಗಾಣಿಕೆಯ ಕಲ್ಪನೆಗೆ ತೀರ ಹತ್ತಿರ ಬಂದಿದ್ದಾನೆ. ಆದರೆ ಕೊನೆಗೆ ಶಾಖ, ಪೋಷಣೆ, ಹೃದಯದಲ್ಲಿ ರಕ್ತ ಮತ್ತೆ ಚೈತನ್ಯ ಪಡೆಯುವುದು ಮುಂತಾದ ಹಳೆಯ ಮಾತುಗಳಿಗೇ ಮರಳುತ್ತಾನೆ. ಹೃದಯವನ್ನು ಸೂರ್ಯನಿಗೂ ರಾಜನಿಗೂ ಹೋಲಿಸುತ್ತಾನೆ. ಇದಕ್ಕೆ ಆತನನ್ನು ದೂರುವಂತಿಲ್ಲ. ಆಕ್ಸಿಜನ್ ತಿಳಿದದ್ದೇ 1770ರ ದಶಕದಲ್ಲಿ. ಅದನ್ನು ಹೊರುವ ಹಿಮೋಗ್ಲೋಬಿನ್‌ಗೆ ಆ ಹೆಸರು ಬಂದದ್ದು 1864ರಲ್ಲಿ.

ನಮ್ಮ ಬೋಧನೆ ಮಾತ್ರ ಈ ಕ್ರಮವನ್ನು ತಲೆಕೆಳಗು ಮಾಡಿದೆ. ಹಾರ್ವೆಗೆ ತಿಳಿಯದಿದ್ದ ಆಕ್ಸಿಜನ್, ಲೋಮನಾಳಗಳು ನಮ್ಮ ಮಕ್ಕಳಿಗೆ ಬಾಯಿಪಾಠ. ಹಾರ್ವೆಗೆ ತಿಳಿದಿದ್ದ ಲೆಕ್ಕ ಅವರಿಗೆ ತಿಳಿಯದು. ರಕ್ತ ಮರಳಿ ಬರುತ್ತದೆಂದು ಹೇಗೆ ಗೊತ್ತು ಎಂದು ಕೇಳಿದರೆ, ಪುಸ್ತಕದಲ್ಲಿದೆ ಎನ್ನುವ ವಿದ್ಯಾರ್ಥಿಗೂ ಗ್ಯಾಲೆನ್ ಹೇಳಿದ್ದಾನೆ ಎನ್ನುತ್ತಿದ್ದ ಅಂದಿನ ವೈದ್ಯನಿಗೂ ಹೆಚ್ಚಿನ ವ್ಯತ್ಯಾಸವಿಲ್ಲ. ಹೃದಯದ ಚಿತ್ರ ಬರೆಸುವ ಮೊದಲು, ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ನಾಡಿಯನ್ನು ಒಂದು ನಿಮಿಷ ಎಣಿಸಲಿ. ಅದನ್ನು 30ರಿಂದ, ಬಳಿಕ ಹಾರ್ವೆಯ 15 ಗ್ರಾಂನಿಂದ ಗುಣಿಸಲಿ. ಬಂದ ಮೊತ್ತವನ್ನು ತನ್ನ ದೇಹದ ತೂಕದೊಂದಿಗೆ ಹೋಲಿಸಿ, ಇಷ್ಟು ರಕ್ತ ಎಲ್ಲಿಂದ ಬಂತು ಎಂದು ಯೋಚಿಸಲಿ. ಇದಕ್ಕೆ ಬೇಕಾದದ್ದು ಒಂದು ಗಡಿಯಾರ ಮತ್ತು ಹತ್ತು ನಿಮಿಷ ಮಾತ್ರ.