ಮನೆ ಕಟ್ಟಿದವರ ಮಾತು: ‘ಬೆಟ್ಟದ ಜೀವ’ವನ್ನು ಮುಂದಿಟ್ಟುಕೊಂಡು ಒಂದು ವಿಮರ್ಶೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆಯನ್ನು ಅರಿಯದ ಕನ್ನಡಿಗರಿಲ್ಲ. ಈ ಕಾರ್ಯಗಳನ್ನು ಮಾಡಿದವರಿಗೆ ಅವುಗಳ ವೃತ್ತಾಂತವನ್ನು ಇತರರಿಗೆ ಹೇಳದೆ ಇರಲಾಗದೆಂಬುದು ಗಾದೆಯಲ್ಲಿ ಇಲ್ಲದಿದ್ದರೂ ಅಷ್ಟೇ ಸತ್ಯವಾದುದು. ಮದುವೆಯ ಮಾತು ನಾಲ್ಕು ದಿನಗಳಲ್ಲಿ ಮುಗಿಯುವುದು. ಮನೆಯ ಮಾತಿಗಾದರೋ ಕೆಸರುಕಲ್ಲು ಹಾಕಿದಂದಿನಿಂದ ಒಕ್ಕಲಿನ ದಿನದವರೆಗೆ ಬಿಡುವೆಂಬುದಿಲ್ಲ. ಇಂತಹ ಮಾತೂ ಒಂದು ಬಗೆಯ ಕಥನವೇ ಆಗಿರುವುದರಿಂದ, ಅದರ ಗುಣದೋಷಗಳ ಪರಾಮರ್ಶೆಯು ಸಾಹಿತ್ಯವಿಚಾರಕ್ಕೆ ಹೊರಗಾದುದಲ್ಲ.

ಕಡಬ ತಾಲೂಕಿನ ನೆಟ್ಟಣದಲ್ಲಿ ಈ ಕಥನವನ್ನು ಕೇಳಲು ಬಹುದೂರ ನಡೆಯಬೇಕಾಗಿಲ್ಲ. ಮಂಗಳೂರು–ಹಾಸನ ರೈಲುಮಾರ್ಗದ ‘ಸುಬ್ರಹ್ಮಣ್ಯ ರೋಡ್’ ನಿಲ್ದಾಣವಿರುವುದು ಇಲ್ಲಿಯೇ. ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಮಕ್ಕಳು ಇಲ್ಲಿ ಇಳಿದು, ಹಿರಿಯರ ಮನೆಯನ್ನು ಕೆಡವಿ ಕಟ್ಟಿಸುತ್ತಿರುವ ಹೊಸ ಮನೆ ಎಷ್ಟು ಎದ್ದಿತೆಂದು ನೋಡಿ, ಮರುದಿನದ ರೈಲಿಗೆ ಹಿಂದಿರುಗುವುದುಂಟು. ಅವರು ಬಾರದ ವಾರಗಳಲ್ಲಿ ವೃದ್ಧ ತಂದೆಯೇ ಗೋಡೆಯ ಚಿತ್ರಗಳನ್ನು ದೂರವಾಣಿಯಿಂದ ಕಳುಹಿಸುತ್ತಾರೆ. ಮುರಕಲ್ಲಿನ ಬೆಲೆ, ಬಡಗಿ ಬಾರದೆ ಹೋದ ದಿನಗಳು, ಮಳೆ ಹಿಡಿಯುವ ಮೊದಲು ಮಾಡು ಮುಚ್ಚೀತೋ ಇಲ್ಲವೋ ಎಂಬ ಆತಂಕ, ಇವೆಲ್ಲವೂ ನೆಂಟರಿಷ್ಟರ ಊಟದ ಪಂಕ್ತಿಯಲ್ಲಿ ಚರ್ಚೆಗೆ ಬರುತ್ತವೆ.

ಈ ಮಾತನ್ನು ಬರಿಯ ಜಂಭವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದರಲ್ಲಿ ವಿದ್ಯೆಯುಂಟು. ಆಶ್ವಲಾಯನ ಗೃಹ್ಯಸೂತ್ರವು ಮನೆಯ ನಿವೇಶನವನ್ನು ಪರೀಕ್ಷಿಸುವ ಕ್ರಮವನ್ನು ವಿಧಿಸಿದೆ: ಮೊಣಕಾಲುದ್ದದ ಗುಂಡಿಯನ್ನು ತೋಡಿ, ತೆಗೆದ ಮಣ್ಣನ್ನೇ ಮರಳಿ ತುಂಬಬೇಕು, ಮಣ್ಣು ಮಿಕ್ಕರೆ ನೆಲವು ಉತ್ತಮ, ಸಮವಾದರೆ ಮಧ್ಯಮ, ಸಾಲದೆ ಹೋದರೆ ತ್ಯಾಜ್ಯ. ಇಂತಹ ನಿಯಮವು ಯಾರದೋ ಅನುಭವದಿಂದಲೇ ಹುಟ್ಟಿ, ಕಟ್ಟಿದವರು ಕಟ್ಟುವವರಿಗೆ ಹೇಳುತ್ತ ಬಂದುದರಿಂದ ಉಳಿದಿರಬೇಕು. ನೆರೆಮನೆಯವನು ಅಡಿಪಾಯದಲ್ಲಿ ಮಾಡಿದ ತಪ್ಪನ್ನು ಮುಚ್ಚಿಡದೆ ಹೇಳಿದರೆ, ಅದರಿಂದ ಇನ್ನೊಬ್ಬನ ಗೋಡೆ ಬಿರುಕು ಬಿಡದೆ ಉಳಿಯುವುದು.

ಆದರೆ ಈ ಕಥನದ ದೋಷವೂ ಸಣ್ಣದಲ್ಲ. ಅದು ಒಕ್ಕಲಿನ ಊಟದೊಡನೆ ನಿಂತುಹೋಗುತ್ತದೆ. ಎಷ್ಟು ಖರ್ಚಾಯಿತೆಂದು ಹೇಳುತ್ತದೆ. ಯಾರಿಗಾಗಿ ಎಂಬುದನ್ನು ಹೇಳುವುದಿಲ್ಲ. ಹಿಂದೆ ಮನೆಯೆಂಬುದು ಹೀಗೆ ಒಂದು ದಿನ ಮುಗಿದುಹೋಗುವ ವಸ್ತುವಾಗಿರಲಿಲ್ಲ. ಮುಳಿಹುಲ್ಲಿನ ಮಾಡನ್ನು ಆಗಾಗ ಹೊಸದಾಗಿ ಹೊದಿಸಬೇಕಾಗಿತ್ತು. ಅದಕ್ಕೆ ನೆರೆಯವರ ಕೈ ಬೇಕಾಗಿತ್ತು. 1865ರಲ್ಲಿ ಬಾಸೆಲ್ ಮಿಶನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಆರಂಭಿಸಿದ ಮೇಲೆ ಹುಲ್ಲು ಕ್ರಮೇಣ ಹೆಂಚಿಗೆ ಎಡೆಗೊಟ್ಟಿತು. ಅನಂತರ ಹೆಂಚು ಕಾಂಕ್ರೀಟಿಗೆ ಎಡೆಗೊಡುತ್ತಿದೆ. ಮಾಡು ಗಟ್ಟಿಯಾದಂತೆ ವರ್ಷಾವಧಿ ಕೆಲಸವು ತಪ್ಪಿತು. ಅದರೊಡನೆ ನೆರೆಯವರು ಬರುವ ನೆಪವೂ ತಪ್ಪಿತು.

ಯಾರಿಗಾಗಿ ಎಂಬ ಆ ಪ್ರಶ್ನೆಯನ್ನು ಎತ್ತಿದ ಗ್ರಂಥವು ಇದೇ ಸೀಮೆಯದಾಗಿದೆ. ಶಿವರಾಮ ಕಾರಂತರ ‘ಬೆಟ್ಟದ ಜೀವ’ವು 1943ರಲ್ಲಿ ಪ್ರಕಟವಾಯಿತು. ಸುಬ್ರಹ್ಮಣ್ಯದ ಕಡೆಯಿಂದ ಪಂಜಕ್ಕೆ ಹೊರಟ ಪಥಿಕನೊಬ್ಬನು ದಾರಿ ತಪ್ಪಿ, ದೇರಣ್ಣ ಮತ್ತು ಬಟ್ಯ ಎಂಬವರ ನೆರವಿನಿಂದ ಗೋಪಾಲಯ್ಯನವರ ಮನೆಯನ್ನು ಸೇರುತ್ತಾನೆ. ಗೋಪಾಲಯ್ಯನವರು ಕಾಡನ್ನು ಕಡಿದು ತೋಟವನ್ನೆಬ್ಬಿಸಿದ ಸಾಹಸಿ. ತಾವು ಬೆಳೆಸಿದುದನ್ನು ಅತಿಥಿಗೆ ತೋರಿಸುವುದರಲ್ಲಿ ಅವರಿಗಿರುವ ಉತ್ಸಾಹವು ಇಂದು ಗೋಡೆಯ ಚಿತ್ರವನ್ನು ಕಳುಹಿಸುವ ತಂದೆಯ ಉತ್ಸಾಹವೇ ಸರಿ. ಆದರೆ ಅವರ ಮಗ ಶಂಭುವು ಮನೆ ಬಿಟ್ಟು ಹೋಗಿದ್ದಾನೆ. ತಾಯಿ ಶಂಕರಿಯು ಆ ದುಃಖವನ್ನು ಅಡಗಿಸಲಾರಳು. ಗೋಪಾಲಯ್ಯನವರು ಅದನ್ನು ಮಾತಿನಲ್ಲಿಯೂ ನಗುವಿನಲ್ಲಿಯೂ ಮರೆಸುತ್ತಾರೆ. ಅಪರಿಚಿತನಿಗೆ ತೋಟ ತೋರಿಸುವ ಆ ಸಡಗರವು, ಮಗನಿಗೆ ತೋರಿಸಬೇಕಾದುದನ್ನು ದಾರಿಹೋಕನಿಗೆ ತೋರಿಸಬೇಕಾಗಿ ಬಂದವನ ಸಡಗರವೆಂಬುದು ವಾಚಕರಿಗೆ ಮೆಲ್ಲನೆ ತಿಳಿಯುತ್ತದೆ. ಇದನ್ನು ಎಲ್ಲಿಯೂ ಘೋಷಿಸದೆ ತಿಳಿಸಿರುವುದು ಕಾರಂತರ ಹಿರಿಮೆ.

ಇದಕ್ಕೆ ಜೊತೆಯಾಗಿ ನಾರಾಯಣನ ಪಾತ್ರವಿದೆ. ಗೋಪಾಲಯ್ಯನವರ ಆಸರೆಯಲ್ಲಿ ಕಾಟುಮೂಲೆಯಲ್ಲಿ ದುಡಿಯುವ ಆತನಿಗೆ, ತಾನು ಬೆವರು ಸುರಿಸಿದ ನೆಲವು ನಾಳೆ ಯಾರದಾದೀತೆಂಬ ಶಂಕೆ. ಹಕ್ಕುಳ್ಳವನು ಊರಿನಲ್ಲಿಲ್ಲ, ಊರಿನಲ್ಲಿ ದುಡಿಯುವವನಿಗೆ ಹಕ್ಕಿನ ಭರವಸೆಯಿಲ್ಲ. ಮನೆ ಯಾರದು ಎಂಬ ಪ್ರಶ್ನೆಗೆ ‘ಕಟ್ಟಿಸಿದವರದು’ ಎಂಬ ಉತ್ತರವು ಸಾಲದೆಂಬುದನ್ನು ಇದಕ್ಕಿಂತ ಸರಳವಾಗಿ ತೋರಿಸುವುದು ಕಷ್ಟ.

ಇಷ್ಟಾದರೂ ಗ್ರಂಥದಲ್ಲಿ ಒಂದು ಕೊರತೆಯನ್ನು ಕಾಣದೆ ವಿಧಿಯಿಲ್ಲ. ಕಾಡಿನ ದಾರಿಯನ್ನು ಬಲ್ಲವರು ದೇರಣ್ಣ, ಬಟ್ಯರು. ಅತಿಥಿಯನ್ನು ಕತ್ತಲೆಯಲ್ಲಿ ಕೈಹಿಡಿದು ತಂದವರೂ ಅವರೇ. ಆದರೂ ನೆಲವನ್ನು ಹದಗೊಳಿಸಿದ ಕಥೆಯು ಧಣಿಗಳ ಬಾಯಿಂದಲೇ ಬರುವುದಲ್ಲದೆ, ಆಳುಗಳ ಗುಡಿಸಲ ಕಥೆಯನ್ನು ಪಥಿಕನು ಅಷ್ಟಾಗಿ ವಿಚಾರಿಸುವುದಿಲ್ಲ. ಇಂದಿನ ಮನೆಯೊಡೆಯರ ಮಾತಿನಲ್ಲಿಯೂ ಇದೇ ಕೊರತೆಯುಂಟು. ಸಿಮೆಂಟಿನ ಹೆಸರು ನೆನಪಿರುವುದು, ಕಲ್ಲು ಕಟ್ಟಿದವನ ಹೆಸರು ನೆನಪಿರುವುದಿಲ್ಲ. ಅಂಗಳವೆಲ್ಲ ಮಣ್ಣು ಮರಳಿನಿಂದ ತುಂಬಿದ ತಿಂಗಳುಗಳಲ್ಲಿ ಕೆಲಸದವರಿಗೆ ಹೊತ್ತುಹೊತ್ತಿಗೆ ಕಾಫಿ ತಿಂಡಿಗಳನ್ನು ಒದಗಿಸಿದ ಗೃಹಿಣಿಯ ಶ್ರಮವು ಯಾವ ಲೆಕ್ಕದ ಪುಸ್ತಕದಲ್ಲಿಯೂ ಸೇರುವುದಿಲ್ಲ.

ಶಂಭುವಿನ ಕಾಲಕ್ಕೂ ಇಂದಿಗೂ ಒಂದು ಭೇದವಿದೆ. ಆತನು ಹಿಂದಿರುಗಿ ನೋಡದೆ ಹೋದನು. ಇಂದಿನ ಮಕ್ಕಳು ಹಣವನ್ನು ಕಳುಹಿಸುತ್ತಾರೆ, ಚಿತ್ರವನ್ನು ನೋಡುತ್ತಾರೆ, ಹಬ್ಬಕ್ಕೆ ಬರುತ್ತಾರೆ. ಇದು ಅಲ್ಪವೇನೂ ಅಲ್ಲ. ಆದರೂ ಕೋಣೆಗಳು ಹೆಚ್ಚಿ, ಮಲಗುವವರು ಇಬ್ಬರೇ ಆದ ಮನೆಯಲ್ಲಿ ಗೋಪಾಲಯ್ಯ ಶಂಕರಿಯರು ಮತ್ತೊಮ್ಮೆ ವಾಸಿಸುತ್ತಿರುವರೆಂದೇ ಹೇಳಬೇಕು. ಮುಂದಿನ ಬಾರಿ ಗೋಡೆಯ ಚಿತ್ರ ಬಂದಾಗ, ಗೋಡೆ ಎಷ್ಟು ಎದ್ದಿತೆಂದು ಕೇಳುವ ಮೊದಲು ಅದರ ನೆರಳಿನಲ್ಲಿ ನಿಂತು ಚಿತ್ರ ತೆಗೆದವರು ಹೇಗಿದ್ದಾರೆಂದು ವಿಚಾರಿಸಿದರೆ, ಕಾರಂತರ ಗ್ರಂಥವನ್ನು ಓದಿದುದು ಸಾರ್ಥಕವಾದೀತು.